ಒಂದು ಕಾಗದ, ಒಂದು ಬೇಡಿಕೆ: ರೈಲು ಕೇಳುವವರಿಗೆ ಅಧ್ಯಯನ ಟಿಪ್ಪಣಿ

ಹೋದ ವಾರ ಬಾಗಲಕೋಟೆ ನವನಗರದ ಲೈಬ್ರರಿಯಲ್ಲಿ ಕೂತು ಮಾತಾಡಿದ್ದನ್ನೆಲ್ಲ ಬರೆದು ಕೊಡು ಎಂದು ನೀವು ಕೇಳಿದ್ದಿರಿ. ಇದರಲ್ಲಿ ಪರೀಕ್ಷೆಗೆ ಬರುವ ಸಂಗತಿಗಳೂ ಇವೆ, ಆದರೆ ನಾನು ಬರೆದದ್ದು ಅದಕ್ಕಲ್ಲ. ಬಾಗಲಕೋಟೆಗೆ ಇನ್ನೂ ಪ್ಯಾಸೆಂಜರ್ ಗಾಡಿ ಬೇಕು ಎನ್ನುವವರಿಗೆ ನಮ್ಮಲ್ಲಿ ಬರವಿಲ್ಲ. ಏನನ್ನು ಯಾರ ಮುಂದೆ ಇಡಬೇಕು ಎಂದು ತಿಳಿದು ಕೇಳುವವರು ಮಾತ್ರ ಕಡಿಮೆ. ನಾನೂ ತಿಳಿಯದೆ ಕೇಳಿದವನೇ.

ಮೂರು ವರ್ಷದ ಹಿಂದೆ ನಾವು ಆರು ಜನ ಸೇರಿ ಒಂದು ಮನವಿ ಬರೆದೆವು. ಎರಡು ಪುಟ, ಹನ್ನೊಂದು ಬೇಡಿಕೆ. ಎಕ್ಸ್‌ಪ್ರೆಸ್‌ಗೆ ನಿಲುಗಡೆ, ಮುಂಜಾನೆ ಒಂದು ಪ್ಯಾಸೆಂಜರ್, ಬೆಂಗಳೂರಿಗೆ ಮತ್ತೊಂದು ರಾತ್ರಿ ಗಾಡಿ, ಪ್ಲಾಟ್‌ಫಾರ್ಮಿಗೆ ನೆರಳು, ನಲ್ಲಿಗೆ ನೀರು, ಕುಡಚಿ ಮಾರ್ಗ, ಎಲ್ಲವೂ ಅದರಲ್ಲಿದ್ದವು. ಊರಿನ ಇನ್ನೂರು ಜನರ ಸಹಿ ಹಾಕಿಸಿದೆವು. ಎರಡು ತಿಂಗಳಾದ ಮೇಲೆ ಬಂದದ್ದು ಒಂದೇ ಪದದ ಉತ್ತರ: ‘ಪರಿಶೀಲಿಸಲಾಗುವುದು’. ರೈಲ್ವೆಯಲ್ಲಿ ಗಾಡಿ ಓಡಿಸುವ ವಿಭಾಗದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರಿಗೆ ಅದನ್ನು ತೋರಿಸಿದಾಗ ಅವರು ಹೇಳಿದ ಮಾತು ಈ ಟಿಪ್ಪಣಿಗೆಲ್ಲ ಬುನಾದಿ. "ತಮ್ಮಾ, ಒಂದ ಕಾಗದದಾಗ ಐದ ಮೇಜಿನ ಕೆಲಸ ಬರದೀರಿ. ಯಾವ ಮೇಜಿನವ್ರೂ ಇದು ತಮ್ಮದಂತ ಎತ್ಕೊಳ್ಳೂದಿಲ್ಲ."

ಮೇಜುಗಳು ಯಾವುವು

ರೈಲ್ವೆ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 22ನೇ ನಮೂದು. ಆದ್ದರಿಂದ ಒಂದು ಗಾಡಿ ಬಿಡಿಸುವ ಅಧಿಕಾರ ಬೆಂಗಳೂರಿನಲ್ಲಿಲ್ಲ, ಇದು ಮೊದಲು ತಲೆಯಲ್ಲಿರಲಿ. ನಮ್ಮ ಜಿಲ್ಲೆ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. 2003ರ ಏಪ್ರಿಲ್ 1ರಂದು ಹುಟ್ಟಿದ ಈ ವಲಯದ ಕೇಂದ್ರ ಕಚೇರಿಯೂ ಹುಬ್ಬಳ್ಳಿಯಲ್ಲೇ ಇದೆ. ಹೀಗಾಗಿ ವಿಭಾಗದ ಕಚೇರಿಯನ್ನೂ ವಲಯದ ಕಚೇರಿಯನ್ನೂ ನಮ್ಮವರು ಒಂದೇ ಎಂದುಕೊಂಡು ಬಿಡುತ್ತಾರೆ. ವಿಭಾಗದ ಮುಖ್ಯಸ್ಥರು ಡಿಆರ್‌ಎಂ, ಅಂದರೆ ವಿಭಾಗೀಯ ರೈಲ್ವೆ ವ್ಯವಸ್ಥಾಪಕರು; ವಲಯದ ಮುಖ್ಯಸ್ಥರು ಜನರಲ್ ಮ್ಯಾನೇಜರ್.

ನೀರು, ನೆರಳು, ಟಿಕೆಟ್ ಕಿಟಕಿ, ದೀಪ ಇವೆಲ್ಲ ವಿಭಾಗದ ಕೆಲಸ. ಎಕ್ಸ್‌ಪ್ರೆಸ್ ಗಾಡಿಗೆ ಹೊಸ ನಿಲುಗಡೆ, ಹೊಸ ಗಾಡಿ, ಇದ್ದ ಗಾಡಿಯನ್ನು ಮುಂದಿನ ಊರಿಗೆ ವಿಸ್ತರಿಸುವುದು ಇವು ವಿಭಾಗದಿಂದ ವಲಯಕ್ಕೆ, ಅಲ್ಲಿಂದ ದಿಲ್ಲಿಯ ರೈಲ್ವೆ ಮಂಡಳಿಗೆ ಹೋಗುತ್ತವೆ. ಹೊಸ ಹಳಿ ಬಜೆಟ್ಟಿನ ಮಾತು. 2017-18ರಿಂದ ರೈಲ್ವೆಗೆ ಬೇರೆ ಬಜೆಟ್ ಇಲ್ಲ, ಸಾಮಾನ್ಯ ಬಜೆಟ್ಟಿನೊಳಗೇ ಸೇರಿದೆ. ಯಾವ ಕಾಮಗಾರಿಗೆ ಎಷ್ಟು ಕೊಟ್ಟರು ಎಂಬುದು ಪಿಂಕ್ ಬುಕ್ ಎಂಬ ದಾಖಲೆಯಲ್ಲಿ ಬರುತ್ತದೆ.

ನಮಗೆ ಇನ್ನೊಂದು ತೊಡಕಿದೆ. ವಿಜಯಪುರ, ಇಂಡಿ ರೋಡ್ ದಾಟಿ ಹೊಟಗಿಗೆ ಹೋದರೆ ಅದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗ. ಸೊಲ್ಲಾಪುರದವರೆಗೆ ಗಾಡಿ ಕೇಳಿದಿರೆಂದರೆ ಎರಡು ವಲಯದ ಒಪ್ಪಿಗೆ ಕೇಳಿದಂತೆ. ವಿಜಯಪುರಕ್ಕೇ ನಿಲ್ಲುವ ಗಾಡಿ ಕೇಳಿದರೆ ಒಂದೇ ವಲಯದ ಮಾತು. ಗಡಿಯ ಆಚೆಗೆ ಹೋಗುವ ಬೇಡಿಕೆ ತಪ್ಪಲ್ಲ, ಆದರೆ ಅದರ ಹಾದಿ ಉದ್ದ ಎಂದು ತಿಳಿದು ಕೇಳಬೇಕು.

ನಿಲುಗಡೆ: ಇಲ್ಲಿ ಲೆಕ್ಕ ನಮ್ಮ ಕೈಯಲ್ಲಿದೆ

ಸಾಮಾನ್ಯ ಜನ ಗೆಲ್ಲಬಹುದಾದ ಬೇಡಿಕೆ ಎಂದರೆ ನಿಲುಗಡೆ. ಹಣ ಹೆಚ್ಚು ಬೇಡ, ಹೊಸ ಬೋಗಿ ಬೇಡ, ಎರಡು ನಿಮಿಷ ಸಾಕು. ಮಂಡಳಿ ಇದನ್ನು ಸಾಮಾನ್ಯವಾಗಿ ‘ಪ್ರಾಯೋಗಿಕ ನಿಲುಗಡೆ’ ಎಂದು ಆರು ತಿಂಗಳಿಗೆ ಕೊಡುತ್ತದೆ. ಆಮೇಲೆ ಆ ಸ್ಟೇಷನ್ನಿನಿಂದ ಎಷ್ಟು ಟಿಕೆಟ್ ಹೋದವು, ಎಷ್ಟು ಹಣ ಬಂತು ಎಂದು ನೋಡುತ್ತದೆ.

ಮಂದಿ ಎಡವುವುದು ಇಲ್ಲೇ. ನಿಲುಗಡೆ ಸಿಕ್ಕ ದಿನ ಎಂಜಿನ್ನಿಗೆ ಹಾರ ಹಾಕುತ್ತಾರೆ, ಮರುದಿನದಿಂದ ಟಿಕೆಟ್ಟನ್ನು ಹಳೆ ರೂಢಿಯಂತೆ ಬಾಗಲಕೋಟೆಯಿಂದಲೇ ತೆಗೆಸುತ್ತಾರೆ. ಹತ್ತಿದ್ದು ನಮ್ಮ ಸಣ್ಣ ಸ್ಟೇಷನ್ನಿನಲ್ಲಿ, ಲೆಕ್ಕ ಸೇರಿದ್ದು ದೊಡ್ಡ ಸ್ಟೇಷನ್ನಿಗೆ. ಟಿಕೆಟ್ ಇಲ್ಲದೆ ಹತ್ತಿದವನಂತೂ ಯಾವ ಲೆಕ್ಕಕ್ಕೂ ಇಲ್ಲ. ತಿಂಗಳ ಪಾಸಿನ ಹುಡುಗರೂ ಹಾಗೆಯೇ. ಪಾಸು ತಿಂಗಳಿಗೆ ಒಮ್ಮೆ ಮಾರಾಟವಾಗುತ್ತದೆ, ಅವರು ಓಡಾಡುವುದು ದಿನಕ್ಕೆ ಎರಡು ಸಲ. ಕಿಟಕಿಯ ಲೆಕ್ಕಕ್ಕೂ ಪ್ಲಾಟ್‌ಫಾರ್ಮಿನ ಮೇಲಿನ ಲೆಕ್ಕಕ್ಕೂ ಅಜಗಜಾಂತರ. ಆ ಅಂತರವನ್ನು ಕಾಗದದ ಮೇಲೆ ತೋರಿಸುವವರು ನಾವೇ ಆಗಬೇಕು.

ಹೋದ ಚಳಿಗಾಲದಲ್ಲಿ ನಾನು ಬಾಗಲಕೋಟೆ, ಬಾದಾಮಿ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತು ಎಣಿಸಿದೆ. ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಐದು ಕಾಲಂ ಮಾಡಿಕೊಂಡಿದ್ದೆ: ಹತ್ತಿದವರು, ಇಳಿದವರು, ಪಾಸಿನವರು, ಎಲ್ಲಿಗೆ, ಗಾಡಿ ಎಷ್ಟು ತಡ. ಇನ್ನೂ ಮಬ್ಬುಗತ್ತಲು. ಬೇವಿನ ಮರದ ಕೆಳಗೆ ಕಾಲೇಜು ಹುಡುಗಿಯರು ರೊಟ್ಟಿಗಂಟು ಹಿಡಿದು ನಿಂತಿದ್ದರು. ಖಣದ ಗಂಟು ಹೊತ್ತ ಇಬ್ಬರು ನೇಕಾರರು ಬೆಂಚಿನ ಮೇಲೆ ಕೂತಿದ್ದರು. ಒಬ್ಬ ಆಯಿ ನನ್ನ ಹತ್ತಿರ ಬಂದು ನೋಟ್‌ಬುಕ್ಕಿಗೆ ಇಣುಕಿದಳು.

"ಏನ್ ಬರಿಯಾಕತ್ತಿ ತಮ್ಮಾ?"

"ಎಷ್ಟ ಮಂದಿ ಗಾಡಿ ಹತ್ತತಾರಂತ ಎಣಸಾಕತ್ತೀನಿ, ಆಯಿ."

ಅವಳು ಸೆರಗಿನ ಗಂಟು ಬಿಚ್ಚಿ ಟಿಕೆಟ್ ತೋರಿಸಿದಳು. "ಹಂಗಾರ ನನ್ನೂ ಹಿಡಿ. ವಿಜಾಪುರದ ದವಾಖಾನಿಗೆ ಹೊಂಟೀನಿ. ತಿಂಗಳಿಗೆ ಎರಡ ಸಲ ಹೋಗ್ತೀನಿ, ಅದನ್ನೂ ಬರಕೊ."

‘ತಿಂಗಳಿಗೆ ಎರಡು ಸಲ, ದವಾಖಾನೆ’ ಎಂದು ಬರೆದುಕೊಂಡೆ. ಅವತ್ತಿನಿಂದ ಆರನೆಯ ಕಾಲಂ ಸೇರಿತು: ಯಾವ ಕೆಲಸಕ್ಕೆ. ನನ್ನ ಎಣಿಕೆಯಲ್ಲಿ ಬಹಳ ಬೆಲೆ ಬಾಳುವುದು ಅದೇ ಕಾಲಂ ಎಂದು ಈಗ ಅನಿಸುತ್ತದೆ. ಮುನ್ನೂರು ಜನ ಹತ್ತಿದರು ಎಂದರೆ ಅದು ಒಂದು ಸಂಖ್ಯೆ. ಕಾಲೇಜಿಗೆ ಇಷ್ಟು, ಆಸ್ಪತ್ರೆಗೆ ಇಷ್ಟು, ಸಂತೆಗೆ ಇಷ್ಟು ಎಂದರೆ ಆ ಗಾಡಿ ಏಕೆ ಒಂಬತ್ತಕ್ಕೆ ಮೊದಲು ವಿಜಯಪುರ ಮುಟ್ಟಬೇಕು ಎನ್ನುವುದಕ್ಕೆ ಬೇರೆ ವಾದವೇ ಬೇಡ.

ಎಣಿಸುವಾಗ ಒಂದು ಎಚ್ಚರ. ಒಂದೇ ದಿನದ ಎಣಿಕೆ ಯಾರೂ ನಂಬುವುದಿಲ್ಲ, ನಂಬಬಾರದು ಕೂಡ. ಸೋಮವಾರ ಊರಿಂದ ಮರಳುವವರ ದಟ್ಟಣೆ, ಸಂತೆ ದಿನ ಬೇರೆ, ಹಬ್ಬದ ದಿನ ಬೇರೆಯೇ. ಕನಿಷ್ಠ ಎರಡು ಪೂರ್ತಿ ವಾರ ಎಣಿಸಿ, ಹಬ್ಬ ಬಂದ ವಾರವನ್ನು ಬೇರೆ ಬರೆಯಿರಿ. ಸಂಖ್ಯೆ ಕಡಿಮೆ ಬಂದರೆ ಕಡಿಮೆಯೆಂದೇ ಬರೆಯಿರಿ. ಒಮ್ಮೆ ಉಬ್ಬಿಸಿ ಸಿಕ್ಕಿಬಿದ್ದರೆ ಮುಂದಿನ ಹತ್ತು ಕಾಗದಕ್ಕೂ ಬೆಲೆ ಇರುವುದಿಲ್ಲ.

‘ಹಳಿ ಖಾಲಿ ಇಲ್ಲ’ ಎಂದರೆ

ಹೊಸ ಗಾಡಿ ಕೇಳಿದಾಗ ಬರುವ ಉತ್ತರ ಇದು. ಮಾತಿಗೆ ಹೇಳುವ ನೆಪ ಎಂದು ನಾನು ತಿಳಿದಿದ್ದೆ, ಆದರೆ ಇದಕ್ಕೆ ಒಂದು ಲೆಕ್ಕವಿದೆ, ಸ್ಕಾಟ್ ಸೂತ್ರ ಎನ್ನುತ್ತಾರೆ. ಒಂಟಿ ಹಳಿಯಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ. ಆ ಮಾರ್ಗದಲ್ಲಿ ಅತಿ ಉದ್ದದ ತುಂಡನ್ನು ದಾಟಲು ಅತಿ ನಿಧಾನದ ಗಾಡಿಗೆ ಎಷ್ಟು ನಿಮಿಷ, ಅದಕ್ಕೆ ಲೈನ್ ಕ್ಲಿಯರ್, ಅಂದರೆ ಮುಂದಿನ ತುಂಡಿಗೆ ಹೋಗಲು ಅನುಮತಿ, ಕೊಡುವ ಕೆಲಸಕ್ಕೆ ಎಷ್ಟು ನಿಮಿಷ, ಎರಡನ್ನೂ ಕೂಡಿಸಿ. ದಿನದ 1440 ನಿಮಿಷವನ್ನು ಅದರಿಂದ ಭಾಗಿಸಿ, ಬಂದದ್ದರಲ್ಲಿ ಶೇ 70 ಹಿಡಿಯಿರಿ.

ತಿಳಿಯಲೆಂದು ಒಂದು ಉದಾಹರಣೆ. ದಾಟಲು 15 ನಿಮಿಷ, ಕ್ಲಿಯರ್‌ಗೆ 5 ಎಂದರೆ 1440 ಭಾಗಿಸು 20, ಅಂದರೆ 72. ಶೇ 70 ಹಿಡಿದರೆ 50 ಗಾಡಿ, ಎರಡೂ ದಿಕ್ಕಿನವು ಸೇರಿ. ಅದೇ ತುಂಡು ಉದ್ದವಿದ್ದು 25 ನಿಮಿಷ ಹಿಡಿದರೆ, ಕ್ಲಿಯರ್‌ನ 5 ಸೇರಿ 1440 ಭಾಗಿಸು 30, ಅಂದರೆ 48, ಅದರಲ್ಲಿ ಶೇ 70 ಎಂದರೆ 33 ಗಾಡಿ. ಇಡೀ ಮಾರ್ಗದ ಹಣೆಬರಹವನ್ನು ಒಂದೇ ಒಂದು ಉದ್ದದ ತುಂಡು ಬರೆಯುತ್ತದೆ. ಆ ತುಂಡಿನ ನಡುವೆ ಗಾಡಿಗಳು ಎದುರುಬದುರಾಗಿ ದಾಟಲು ಒಂದು ಕ್ರಾಸಿಂಗ್ ಸ್ಟೇಷನ್ ಆದರೆ ಸಾಕು, ಹೊಸ ಗಾಡಿಗೆ ಜಾಗ ಹುಟ್ಟುತ್ತದೆ. ಬರೀ ಪ್ಲಾಟ್‌ಫಾರ್ಮ್ ಕಟ್ಟಿ ಹಾಲ್ಟ್ ಮಾಡಿದರೆ ಹುಟ್ಟುವುದಿಲ್ಲ.

ನಮ್ಮ ಬಾಗಲಕೋಟೆ ಇರುವ ಗದಗ–ಹೊಟಗಿ ಮಾರ್ಗದ ಕತೆ ಇದಕ್ಕೆ ಒಳ್ಳೆಯ ಪಾಠ. 1876–78ರ ಭೀಕರ ಬರದ ಬಳಿಕ, ಮುಂದೆ ಬರ ಬಂದರೆ ಕಾಳು ಸಾಗಿಸಲು ಎಂದು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀಟರ್‌ಗೇಜ್ ಹಳಿ ಇದು. ಬ್ರಾಡ್‌ಗೇಜ್ ಆಗಲು ನೂರು ವರ್ಷದ ಮೇಲೆ ಹಿಡಿಯಿತು. ಈಗ ಇದೇ ಹಾದಿಯಲ್ಲಿ ಕೂಡಗಿಯ 2400 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬರುತ್ತದೆ. ಕಲ್ಲಿದ್ದಲು ಗಾಡಿಗೆ ದಾರಿ ಬಿಟ್ಟು ಪ್ಯಾಸೆಂಜರ್ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ (ಲೂಪ್) ನಿಂತದ್ದನ್ನು ನೀವೆಲ್ಲ ಅನುಭವಿಸಿದ್ದೀರಿ. 284 ಕಿ.ಮೀ. ಜೋಡಿ ಹಳಿಯ ಕಾಮಗಾರಿ ಕೈಗೆತ್ತಿಕೊಂಡದ್ದು ಈ ಒತ್ತಡಕ್ಕೇ. ಯಾವ ತುಂಡು ಜೋಡಿಯಾಯಿತೋ ಅಲ್ಲಿ ಎದುರು ಗಾಡಿಗೆ ಕಾಯುವ ಮಾತಿಲ್ಲ. ಆದ್ದರಿಂದ ಮನವಿಯಲ್ಲಿ ‘ಗಾಡಿ ಬೇಕು’ ಎಂದಷ್ಟೇ ಬರೆಯಬೇಡಿ. ಜೋಡಿ ಹಳಿ ಆದ ಮೇಲೆ ಈ ಮಾರ್ಗದ ಸಾಮರ್ಥ್ಯ ಎಷ್ಟಾಯಿತು, ಅದರಲ್ಲಿ ಪ್ರಯಾಣಿಕರ ಗಾಡಿಗೆ ಸಿಕ್ಕಿದ್ದೆಷ್ಟು ಎಂದು ಕೇಳಿ. ನಮ್ಮ ಭೂಮಿಯ ಮೇಲೆ ಹಾದುಹೋದ ಹಳಿಯಲ್ಲಿ ನಮ್ಮ ಪಾಲು ಕೇಳುವುದು ನ್ಯಾಯ.

‘ಬೋಗಿ ಇಲ್ಲ’ ಎಂದರೆ

ಗಾಡಿಯ ಇಡೀ ಬೋಗಿ ಸಾಲಿಗೆ ರೇಕ್ ಎನ್ನುತ್ತಾರೆ. ರಾತ್ರಿ ಓಡಿ ಮುಂಜಾನೆ ಮುಟ್ಟುವ ಗಾಡಿ ದಿನಾ ಬೇಕೆಂದರೆ ಎರಡು ರೇಕ್ ಬೇಕು, ಒಂದು ಆ ತುದಿಯಿಂದ, ಒಂದು ಈ ತುದಿಯಿಂದ. ಮುಂಜಾನೆ ಹೊರಟು ಸಂಜೆಗೆ ಮರಳುವ ಸಣ್ಣ ದೂರದ ಪ್ಯಾಸೆಂಜರ್‌ಗೆ ಒಂದೇ ಸಾಕು. ಬಾಗಲಕೋಟೆಯಿಂದ ವಿಜಯಪುರ ನೂರು ಕಿ.ಮೀ. ಆಸುಪಾಸು, ಹೋಗಿ ಬಂದರೂ ದಿನ ಉಳಿಯುತ್ತದೆ.

ಇನ್ನು ಬೆಳಗಾವಿ–ಬೆಂಗಳೂರು ರಾತ್ರಿ ಸೂಪರ್‌ಫಾಸ್ಟ್ ನೋಡಿ, 2019ರಲ್ಲಿ ಶುರುವಾದದ್ದು. ಮುಂಜಾನೆ ಬಂದು ಮುಟ್ಟುತ್ತದೆ, ರಾತ್ರಿ ಹೊರಡುತ್ತದೆ. ಇಂಥ ಗಾಡಿಯ ರೇಕ್ ಹಗಲೆಲ್ಲ ತುದಿಯ ಸ್ಟೇಷನ್ನಿನಲ್ಲಿ ನಿಂತಿರುತ್ತದೆ. ಆ ಹೊತ್ತಿನಲ್ಲಿ ಪಿಟ್ ಲೈನಿನಲ್ಲಿ (ಕೆಳಗಿಂದ ಬೋಗಿ ನೋಡಲು ಗುಂಡಿ ಇರುವ ಹಳಿ) ತಪಾಸಣೆ, ತೊಳೆಯುವುದು, ನೀರು ತುಂಬುವುದಕ್ಕೆ ಕೆಲವು ಗಂಟೆ ಬಿಡಲೇಬೇಕು, ಅದರಲ್ಲಿ ರಾಜಿ ಇಲ್ಲ, ಅದು ಜೀವದ ಪ್ರಶ್ನೆ. ಮಿಕ್ಕ ಹೊತ್ತಿನಲ್ಲಿ ಆ ಬೋಗಿಗಳನ್ನು ಹತ್ತಿರದ ಊರಿಗೆ ಓಡಿಸಿ ತರಬಹುದೇ ಎಂದು ಕೇಳುವುದು ಜಾಣ ಬೇಡಿಕೆ, ಏಕೆಂದರೆ ಹೊಸ ಬೋಗಿ ಕೇಳಿದಂತಾಗುವುದಿಲ್ಲ. ವೇಳಾಪಟ್ಟಿ ಬಿಡಿಸಿ ಕೂತು ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಹಗಲು ನಿಲ್ಲುವ ರೇಕ್‌ಗಳನ್ನು ಪಟ್ಟಿ ಮಾಡಿ. ಒಂದು ಭಾನುವಾರದ ಕೆಲಸ.

ಗಾಡಿಯ ನಂಬರನ್ನೂ ಓದಲು ಕಲಿಯಿರಿ. 0ಯಿಂದ ಶುರುವಾದರೆ ವಿಶೇಷ ಗಾಡಿ, ಯಾವಾಗ ಬೇಕಾದರೂ ನಿಲ್ಲಿಸಬಹುದು. 5 ಎಂದರೆ ಪ್ಯಾಸೆಂಜರ್, 6 ಎಂದರೆ ಮೆಮು (ಕರೆಂಟಿನಿಂದ ಓಡುವ ಸಣ್ಣ ದೂರದ ಗಾಡಿ), 7 ಎಂದರೆ ಡೆಮು (ಅದೇ ಥರದ ಡೀಸೆಲ್ ಗಾಡಿ). ವಿಜಯಪುರ–ಮಂಗಳೂರು ಗಾಡಿ ವರ್ಷಗಟ್ಟಲೆ 07377 ಎಂಬ ಸೊನ್ನೆ ನಂಬರಿನಲ್ಲೇ ಓಡಿತು. ‘ಗಾಡಿ ಐತಲ್ಲ’ ಎಂದು ಸುಮ್ಮನಾಗದೆ ಅದನ್ನು ಕಾಯಂ ಮಾಡಿ ಎಂದು ಜನ ಕೇಳುತ್ತಾ ಬಂದದ್ದು ಇದಕ್ಕೇ. ಕೊರೊನಾ ಬಳಿಕ ಪ್ಯಾಸೆಂಜರ್‌ಗಳನ್ನೇ ವಿಶೇಷ ಎಂದು ಓಡಿಸಿ, 10 ರೂಪಾಯಿ ಇದ್ದ ಕನಿಷ್ಠ ದರವನ್ನು 30 ಮಾಡಿದ್ದರು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಕೂಲಿಗೆ ಹೋಗುವವರ ಜೇಬಿನಿಂದ ನೋಡಿದರೆ ನಂಬರಿನ ಮೊದಲ ಅಂಕಿ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಕುಡಚಿ ಮಾರ್ಗ

ಇದರ ಬಗ್ಗೆ ಬರೆಯುವಾಗ ನನಗೆ ಮನಸ್ಸು ಭಾರವಾಗುತ್ತದೆ. ಮುಧೋಳ, ಜಮಖಂಡಿ ಕಡೆಯ ಗೆಳೆಯರು ಗಾಡಿ ನೋಡಬೇಕೆಂದರೆ ಇಂದಿಗೂ ಬಸ್ಸು ಹತ್ತಬೇಕು. ಬಾಗಲಕೋಟೆ–ಕುಡಚಿ, 142 ಕಿ.ಮೀ., ಮಂಜೂರಾದದ್ದು 2010-11ರಲ್ಲಿ. ವೆಚ್ಚ ಕೇಂದ್ರ, ರಾಜ್ಯ ಅರ್ಧರ್ಧ, ಭೂಮಿ ರಾಜ್ಯದ್ದು. ಮೊದಲು ಹಳಿ ಬಿದ್ದದ್ದು ಖಜ್ಜಿಡೋಣಿವರೆಗಿನ ಸುಮಾರು 30 ಕಿ.ಮೀ. ಮಾತ್ರ. ಧರಣಿ, ಪಾದಯಾತ್ರೆ, ಬಂದ್ ಎಲ್ಲ ಮಾಡುತ್ತಾ ಹೋರಾಟಗಾರರು ಈ ಮಾರ್ಗವನ್ನು ಮರೆಯದಂತೆ ಹಿಡಿದಿದ್ದಾರೆ, ಅವರಿಗೆ ನಾವು ಋಣಿ.

ಇಲ್ಲಿ ಮೇಜು ಎರಡು. ಭೂಮಿ ತಡವಾದರೆ ರಾಜ್ಯವನ್ನು ಕೇಳಬೇಕು, ಹಣ ತಡವಾದರೆ ಪಿಂಕ್ ಬುಕ್ ಹಿಡಿದು ಕೇಂದ್ರವನ್ನು. ಯಾವ ಊರಿನ ಸರ್ವೆ ನಂಬರು ಬಾಕಿ ಎಂದು ತಿಳಿಯದೆ ಇಬ್ಬರನ್ನೂ ಒಟ್ಟಿಗೆ ಬೈದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಹಳಿ ಮುಗಿದರೂ ರೈಲ್ವೆ ಸುರಕ್ಷತಾ ಆಯುಕ್ತರು ನೋಡಿ ಒಪ್ಪದೆ ಪ್ರಯಾಣಿಕರ ಗಾಡಿ ಓಡುವಂತಿಲ್ಲ. ಆ ಆಯುಕ್ತರು ರೈಲ್ವೆ ಸಚಿವಾಲಯದವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಬರುತ್ತಾರೆ (ಪರೀಕ್ಷೆಗೂ ನೆನಪಿಡಿ).

ಕಾಗದ ಬರೆಯುವಾಗ

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಗಾಡಿ ಏಕೆ ನಿಲ್ಲಿಸುವುದಿಲ್ಲ’ ಎಂದು ಕೇಳಿದರೆ ಅದು ಮಾಹಿತಿ ಅಲ್ಲ ಎಂದು ಬದಿಗಿಡಬಹುದು. ‘ಕಳೆದ 12 ತಿಂಗಳಲ್ಲಿ ಈ ಸ್ಟೇಷನ್ನಿನಲ್ಲಿ ತಿಂಗಳವಾರು ಮಾರಾಟವಾದ ಟಿಕೆಟ್, ಪಾಸು ಮತ್ತು ಬಂದ ಹಣದ ದಾಖಲೆ ಕೊಡಿ’ ಎಂದರೆ ಕೊಡಬೇಕು. ಆ ಲೆಕ್ಕವನ್ನು ನಮ್ಮ ಎಣಿಕೆಯ ಪಕ್ಕದಲ್ಲಿಟ್ಟು ಮನವಿ ಬರೆಯಿರಿ. ಡಿಆರ್‌ಎಂ ಅಧ್ಯಕ್ಷತೆಯಲ್ಲಿ ವಿಭಾಗದ ರೈಲು ಬಳಕೆದಾರರ ಸಲಹಾ ಸಮಿತಿ ಇದೆ, ವ್ಯಾಪಾರಿಗಳು, ಪ್ರಯಾಣಿಕರ ಸಂಘದವರು ಅದರಲ್ಲಿರುತ್ತಾರೆ. ಅದು ಸಲಹೆ ಕೊಡುವ ಸಮಿತಿ ಮಾತ್ರ, ಆದರೆ ಅಲ್ಲಿ ಎತ್ತಿದ ಪ್ರಶ್ನೆಗೆ ಬರವಣಿಗೆಯ ಉತ್ತರ ಉಳಿಯುತ್ತದೆ. ಸಂಸದರಿಗೂ ಹಾಗೆಯೇ, ಹಾರ ಹಾಕಿ ಮನವಿ ಕೊಡುವ ಬದಲು ಲೋಕಸಭೆಯಲ್ಲಿ ಕೇಳಬಹುದಾದ ಒಂದು ಪ್ರಶ್ನೆಯನ್ನು ಮೂರು ಸಾಲಿನಲ್ಲಿ ಬರೆದುಕೊಡಿ.

ಕೊಟ್ಟ ಪ್ರತಿ ಕಾಗದಕ್ಕೂ ದಿನಾಂಕದ ಮುದ್ರೆ ಇರುವ ಸ್ವೀಕೃತಿ ಪಡೆಯದೆ ಕಿಟಕಿ ಬಿಡಬೇಡಿ. ನಮ್ಮ ಮೊದಲ ಮನವಿಯ ಸ್ವೀಕೃತಿ ನಮ್ಮ ಹತ್ತಿರ ಇಲ್ಲ. ಇನ್ನೂರು ಸಹಿ ಹಾಕಿದವರು ಇವತ್ತು ಕೇಳಿದರೆ ತೋರಿಸಲು ಏನೂ ಇಲ್ಲ.

ಈ ಸಲ ನಾವು ಹಿಡಿದಿರುವುದು ಒಂದೇ ಬೇಡಿಕೆ: ಒಂಬತ್ತರೊಳಗೆ ವಿಜಯಪುರ ಮುಟ್ಟುವ ಮುಂಜಾನೆ ಗಾಡಿ. ಬರುವ ಸೋಮವಾರದಿಂದ ಎರಡು ವಾರದ ಎಣಿಕೆ. ಬಾಗಲಕೋಟೆಗೆ ಇಬ್ಬರು, ಆಲಮಟ್ಟಿಗೆ ಇಬ್ಬರು, ಬಸವನಬಾಗೇವಾಡಿ ರೋಡಿಗೆ ಒಬ್ಬರು ಬೇಕು. ರೋಡ್ ಎಂದಿದ್ದರೆ ಊರು ಸ್ಟೇಷನ್ನಿನಿಂದ ದೂರ ಎಂದರ್ಥ, ಅಲ್ಲಿಗೆ ಸ್ವಂತ ವಾಹನ ಇರುವವರೇ ಬನ್ನಿ. ಆರು ಕಾಲಂ ಗೀಟು ಹಾಕಿದ ನೋಟ್‌ಬುಕ್ ನಾನು ತರುತ್ತೇನೆ, ಪೆನ್ನು ನೀವು ತನ್ನಿ.