ನೋಡಿದೆ, ಆದರೆ ಕಾಣಲಿಲ್ಲ

‘ಮನೆಯಿಡೀ ನೋಡಿದೆ, ಬೀಗದ ಕೈ ಕಾಣಲಿಲ್ಲ’ ಎಂಬ ಮಾತಿನಲ್ಲಿ ಕಣ್ಣಿಗೆ ಸಂಬಂಧಿಸಿದ ಎರಡು ಕ್ರಿಯಾಪದಗಳಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮಾತು ಕೆಡುತ್ತದೆ. ನೋಡುವುದು ನಾವು ಮಾಡುವ ಕೆಲಸ, ಆದ್ದರಿಂದ ‘ನಾನು ನೋಡಿದೆ’. ಕಾಣುವುದು ಬಹುಮಟ್ಟಿಗೆ ನಮಗೆ ಒದಗಿಬರುವ ಸಂಗತಿ, ಆದ್ದರಿಂದ ‘ನನಗೆ ಕಂಡಿತು’. (ಕುಂದಾಪುರದ ಕಡೆಯವರು ‘ಇಲ್ಲಿ ಕಾಣಿ’ ಎಂದು ಕರೆಯುತ್ತಾರಾದ್ದರಿಂದ ಈ ಗೆರೆ ಎಲ್ಲ ಸೀಮೆಗಳಲ್ಲೂ ಒಂದೇ ಕಡೆ ಇಲ್ಲವೆಂಬುದನ್ನೂ ಹೇಳಬೇಕು.)

ಈ ಪದದ ಮೂಲ ‘ಕಾಣ್’ ಎಂಬ ದ್ರಾವಿಡ ಧಾತು. ತಮಿಳಿನಲ್ಲಿ ಅದು ‘ಕಾಣ್’, ಮಲಯಾಳದಲ್ಲಿ ‘ಕಾಣುಕ’, ತೆಲುಗಿನಲ್ಲಿ ‘ಕನು’. ದೂರದ ಬಲೂಚಿಸ್ತಾನದ ಬ್ರಾಹುಈ ಭಾಷೆಯಲ್ಲಿ ಮೊದಲ ಕಕಾರ ಬದಲಾಗಿ ‘ಖನಿಂಗ್’. ಅಲ್ಲಿ ಕಣ್ಣಿಗೆ ‘ಖನ್’ ಎನ್ನುವುದನ್ನು ಗಮನಿಸಿದರೆ ಕಣ್ಣಿಗೂ ಕಾಣುವುದಕ್ಕೂ ಇರುವ ಹಳೆಯ ನಂಟು ತಿಳಿಯುತ್ತದೆ. ಅರಸನನ್ನೋ ದೇವರನ್ನೋ ಕಾಣಲು ಹೋದವರು ಒಪ್ಪಿಸುತ್ತಿದ್ದ ವಸ್ತು ‘ಕಾಣಿಕೆ’ಯಾಯಿತು. ‘ನಾ ಕಾಣೆ’ ಎಂದರೆ ಕಾಣುತ್ತಿಲ್ಲ ಎಂದಷ್ಟೇ ಅಲ್ಲ, ತಿಳಿಯದು ಎಂದೂ ಅರ್ಥ. ‘ಬಸ್ಸು ಹೋಯಿತೆಂದು ಕಾಣುತ್ತದೆ’ ಎನ್ನುವಾಗಲಂತೂ ಕಣ್ಣಿಗೆ ಏನೂ ಬಿದ್ದಿರುವುದಿಲ್ಲ. ಅದು ಮನಸ್ಸು ಕಟ್ಟಿಕೊಂಡ ಊಹೆ.

ದೃಷ್ಟಿಯ ವಿಜ್ಞಾನಕ್ಕೆ ಮುಖ್ಯವಾಗುವುದು ಈ ಅರ್ಥವಿಸ್ತಾರವೇ. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ (ರೆಟಿನಾ) ಅತ್ಯಂತ ಸ್ಪಷ್ಟವಾಗಿ ಮೂಡುವುದು ಸುಮಾರು 2 ಡಿಗ್ರಿಯಷ್ಟು, ಅಂದರೆ ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು ಅಗಲದ ನೋಟ ಮಾತ್ರ. ಸೆಕೆಂಡಿಗೆ ಸುಮಾರು ಮೂರು ಸಲ ನೆಗೆಯುತ್ತ ಕಣ್ಣು ಆಯ್ದು ತರುವ ಇಂಥ ತುಣುಕುಗಳಿಂದ ಮಿದುಳು ಅಖಂಡ ದೃಶ್ಯವೊಂದನ್ನು ಹೊಸೆಯುತ್ತದೆ, ಮತ್ತು ಗಮನ ಬೇರೆಡೆ ಇದ್ದರೆ ಎದುರಿಗಿರುವುದನ್ನೂ ಅದರಿಂದ ಕೈಬಿಡುತ್ತದೆ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೊಫರ್ ಶಾಬ್ರಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆಂಡಾಟದ ವಿಡಿಯೊ ನೋಡುತ್ತ ಚೆಂಡು ಎಷ್ಟು ಸಲ ಕೈಬದಲಾಯಿತೆಂದು ಎಣಿಸುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ, ಆಟಗಾರರ ನಡುವೆಯೇ ಹಾದುಹೋದ ಗೊರಿಲ್ಲಾ ವೇಷಧಾರಿ ಕಾಣಲೇ ಇಲ್ಲ.

ಎಣಿಸುವ ಗಡಿಬಿಡಿಯಲ್ಲಿ ಸಾಮಾನ್ಯರಿಗೆ ಹಾಗಾದದ್ದು ಸಹಜ ಎನ್ನಬಹುದು. ಆದರೆ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಪರೀಕ್ಷೆಗೊಳಗಾದವರು 24 ರೇಡಿಯಾಲಜಿ ತಜ್ಞರು, ನೋಡುವುದನ್ನೇ ವೃತ್ತಿಯಾಗಿಸಿಕೊಂಡವರು. ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಸಣ್ಣ ಗಂಟುಗಳನ್ನು ಹುಡುಕುತ್ತಿದ್ದ ಅವರಿಗೆ, ಸರಾಸರಿ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವೊಂದನ್ನು ಕೊನೆಯ ಸ್ಕ್ಯಾನಿನಲ್ಲಿ ಸೇರಿಸಿ ಕೊಡಲಾಗಿತ್ತು. 20 ಮಂದಿಗೆ ಅದು ಕಾಣಲಿಲ್ಲ. ಕಣ್ಣಿನ ಚಲನೆಯನ್ನು ದಾಖಲಿಸಿದ ಯಂತ್ರದ ಪ್ರಕಾರ, ಆ 20 ಮಂದಿಯಲ್ಲಿ 12 ಮಂದಿಯ ದೃಷ್ಟಿ ನೇರವಾಗಿ ಗೊರಿಲ್ಲಾದ ಮೇಲೆಯೇ ಬಿದ್ದಿತ್ತು.