ಗೈಡಿನ ಸಾರಾಂಶ ಉರು ಹೊಡೆದರೆ ಪಿಯುಸಿ ಇಂಗ್ಲಿಷ್ ಪದ್ಯ ಬರುತ್ತದೆಯೇ?

ಪ್ರಶ್ನೆ: ಸರ್, ನನ್ನ ಮಗಳು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಸೆಕೆಂಡ್ ಪಿಯುಸಿ ಇಂಗ್ಲಿಷ್ ಪದ್ಯಗಳು ತಲೆಗೆ ಹತ್ತುವುದೇ ಇಲ್ಲ ಅನ್ನುತ್ತಾಳೆ. ಗೈಡಿನಲ್ಲಿರುವ ಸಾರಾಂಶ ಬಾಯಿಪಾಠ ಮಾಡಿಸಿದರೆ ಸಾಕಲ್ಲವೇ?

ಉತ್ತರ: ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತೆಂದರೆ ಈ ಪ್ರಶ್ನೆ ಒಬ್ಬರಾದ ಮೇಲೊಬ್ಬರಿಂದ ಬರುತ್ತದೆ. ಪಾಸಾದರೆ ಸಾಕು ಅನ್ನುವುದಾದರೆ, ಸಾಕು. ವ್ಯಾಕರಣ, ಪತ್ರಲೇಖನ, ಒಂದು ಅಂಕದ ಪ್ರಶ್ನೆಗಳು, ಅವುಗಳ ಜೊತೆಗೆ ಉರು ಹೊಡೆದ ಒಂದಿಷ್ಟು ಉತ್ತರ ಇದ್ದರೆ ದಡ ಸೇರಬಹುದು. ಪಾಸಿಂಗ್ ಪ್ಯಾಕೇಜ್ ಎಂದು ಹಂಚುವುದು ಅದನ್ನೇ. ಆದರೆ ನಿಮ್ಮ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಸಾರಾಂಶ ಗೊತ್ತಾದರೆ ಪದ್ಯ ಗೊತ್ತಾದ ಹಾಗೆ. ಎಷ್ಟು ಸಲ ಹೇಳಿದರೂ ಅಲುಗದ ನಂಬಿಕೆ ಇದು. ಇವತ್ತು ಪುಸ್ತಕ ತೆರೆದೇ ತೋರಿಸುತ್ತೇನೆ.

‘ಸ್ಪ್ರಿಂಗ್ಸ್’ ಪಠ್ಯದಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’ ತೆಗೆಯಿರಿ. ನಾಟಕದ ಎರಡು ಬೇರೆ ಜಾಗಗಳಿಂದ ಎತ್ತಿಕೊಂಡ ಎರಡು ಮಾತುಗಳು. ಸಾರಾಂಶ ಹೇಳುವುದಿಷ್ಟು: ರೋಮಿಯೋ ಜೂಲಿಯೆಟಳ ಚೆಲುವನ್ನು ಹೊಗಳುತ್ತಾನೆ, ಜೂಲಿಯೆಟ್ ರೋಮಿಯೋನನ್ನು ಹೊಗಳುತ್ತಾಳೆ. ಸುಳ್ಳೇನಲ್ಲ. ಆದರೆ ಇಷ್ಟು ಹೇಳುವುದಕ್ಕೆ ಶೇಕ್ಸ್‌ಪಿಯರ್ ಯಾಕೆ ಬೇಕಿತ್ತು?

ಮಗಳ ಕೈಗೆ ಪೆನ್ಸಿಲ್ ಕೊಟ್ಟು, ಎರಡೂ ಮಾತುಗಳಲ್ಲಿ ಬರುವ ಹಕ್ಕಿಗಳ ಕೆಳಗೆ ಗೆರೆ ಎಳೆಯಲು ಹೇಳಿ. ರೋಮಿಯೋ ಕಣ್ಣಿಗೆ ಅವಳು ಕಾಗೆಗಳ ಹಿಂಡಿನಲ್ಲಿ ಬೆಳ್ಳನೆಯ ಪಾರಿವಾಳ. ಜೂಲಿಯೆಟಳ ಕಣ್ಣಿಗೆ ಅವನು ಕಾಡುಕಾಗೆಯ ಬೆನ್ನ ಮೇಲೆ ಬಿದ್ದ ಹೊಸ ಹಿಮಕ್ಕಿಂತ ಬಿಳುಪು. ಎರಡು ಕಡೆಯೂ ಕಪ್ಪು ಹಕ್ಕಿ, ಎರಡು ಕಡೆಯೂ ಅದರ ಎದುರಿಗೆ ಬಿಳುಪು! ಈಗ ಉಳಿದ ಸಾಲುಗಳನ್ನು ನೋಡಿ. ಅವನಿಗೆ ಅವಳು ದೀವಟಿಗೆಗಳಿಗೇ ಉರಿಯುವುದನ್ನು ಕಲಿಸುವವಳು, ಇರುಳಿನ ಕೆನ್ನೆಗೆ ತೂಗುಬಿದ್ದ ಒಡವೆ. ಅವಳೋ ರಾತ್ರಿಯನ್ನು ಬೇಡಿಕೊಳ್ಳುತ್ತಾಳೆ: ಅವನನ್ನು ಕತ್ತರಿಸಿ ಚಿಕ್ಕ ಚಿಕ್ಕ ನಕ್ಷತ್ರ ಮಾಡು, ಲೋಕವೆಲ್ಲ ಸೂರ್ಯನನ್ನು ಬಿಟ್ಟು ನಿನ್ನನ್ನೇ ಪ್ರೀತಿಸಲಿ. ಇಬ್ಬರಿಗೂ ಬೆಳಕು ಕಾಣುವುದು ಕತ್ತಲೆಯಲ್ಲೇ. ಯಾಕೆ? ಎರಡು ಮನೆತನಗಳ ನಡುವೆ ಹಗೆ ಇದೆ, ಹಗಲಲ್ಲಿ ಅವರು ಒಬ್ಬರನ್ನೊಬ್ಬರು ಸೇರುವಂತಿಲ್ಲ.

ಇನ್ನೂ ಇದೆ. ರೋಮಿಯೋ ಹೀಗೆ ಹೇಳುವುದು ಅವಳನ್ನು ಮೊದಲ ಸಲ ಕಂಡಾಗ, ಅವಳ ಹೆಸರೂ ಗೊತ್ತಿಲ್ಲದಾಗ. ಜೂಲಿಯೆಟ್ ಹೇಳುವಾಗ ಗುಟ್ಟಾಗಿ ಮದುವೆಯಾಗಿದೆ, ಗಂಡನಿಗಾಗಿ ಕಾಯುತ್ತಿದ್ದಾಳೆ. ಅಷ್ಟರಲ್ಲೇ ಅವನು ಅವಳ ಬಂಧು ಟಿಬಾಲ್ಟನನ್ನು ಕೊಂದಿದ್ದಾನೆ. ಆ ಸುದ್ದಿ ಅವಳಿಗೆ ಇನ್ನೂ ತಲುಪಿಲ್ಲ. ನೋಡುವವರಿಗೆ ಮಾತ್ರ ಗೊತ್ತು. ಹೊಗಳಿಕೆ ಎಂದು ಒಂದೇ ಗೂಡಿಗೆ ತುಂಬಿದ ಎರಡು ಮಾತುಗಳ ನಡುವೆ ಇಷ್ಟೆಲ್ಲ ನಡೆದುಹೋಗಿದೆ.

ಇದನ್ನು ಕಾಣಲು ಎಷ್ಟು ಇಂಗ್ಲಿಷ್ ಬೇಕು? ಡಿಕ್ಷನರಿಯಲ್ಲಿ ನೋಡಬೇಕಾದ ಕೆಲವೇ ಪದಗಳಷ್ಟು. ನನ್ನ ಕ್ಲಾಸಿನಲ್ಲಿ ಕನ್ನಡ ಮೀಡಿಯಂನಿಂದ ಬಂದ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಇವರಿಬ್ಬರಿಗೂ ಹಗಲು ಆಗಿಬರಲ್ಲ’ ಅಂದಳು. ಆರು ಅಂಕದ ಉತ್ತರಕ್ಕೆ ಬೇಕಾದ ಜೀವ ಆ ಒಂದು ಮಾತಿನಲ್ಲಿತ್ತು. ಅದನ್ನು ಇಂಗ್ಲಿಷಿಗೆ ತರುವುದು ಆಮೇಲಿನ ಕೆಲಸ, ಅದನ್ನು ನಾವು ಕಲಿಸಬಲ್ಲೆವು. ಕಾಣುವುದನ್ನು ಗೈಡ್ ಕಲಿಸಲಾರದು.

ಸಾರಾಂಶ ದಾರಿ ತಪ್ಪಿಸುವುದೂ ಉಂಟು. ಯೇಟ್ಸ್ ಬರೆದ ‘ವೆನ್ ಯೂ ಆರ್ ಓಲ್ಡ್’ ಪದ್ಯಕ್ಕೆ, ಮುದುಕಿಯಾದ ಪ್ರೇಯಸಿಯನ್ನು ಮುದಿ ಕವಿ ನೆನೆಯುತ್ತಾನೆ ಎಂದು ಬರೆಯುವ ಮಕ್ಕಳಿದ್ದಾರೆ. 1891ರಲ್ಲಿ ಇದನ್ನು ಬರೆದಾಗ ಯೇಟ್ಸ್‌ಗೆ 26 ವರ್ಷ. ಅವನ ಮನಸ್ಸಿನಲ್ಲಿದ್ದ ಮಾಡ್ ಗಾನ್ ಅವನಿಗಿಂತ ಚಿಕ್ಕವಳು. ಮುಂದೊಂದು ದಿನ ತಲೆ ನರೆತು ಬೆಂಕಿಯ ಪಕ್ಕ ತೂಕಡಿಸುವಾಗ ಈ ಪುಸ್ತಕ ತೆಗೆದು ಓದು, ಕಳೆದುಕೊಂಡದ್ದೇನೆಂದು ಆಗ ತಿಳಿಯುತ್ತದೆ ಎಂದು ಒಬ್ಬ ತರುಣ ತನಗೆ ಒಲಿಯದ ತರುಣಿಗೆ ಹೇಳುತ್ತಿದ್ದಾನೆ. ಹದಿನೇಳರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪದ್ಯ ಯಾವುದಿದೆ?

ಹಾಗಾಗಿ ಗೈಡ್ ಮನೆಯಲ್ಲಿರಲಿ, ಪಾಠವನ್ನು ಎರಡು ಸಲ ಓದಿದ ಮೇಲೆ ತೆಗೆಯಲಿ. ಮೊದಲ ಓದಿನಲ್ಲಿ ಯಾರು, ಯಾರಿಗೆ, ಯಾವಾಗ ಹೇಳುತ್ತಿದ್ದಾರೆ ಎಂದು ಅಂಚಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಲಿ.

ನೀವು ಕೇಳದೇ ಇದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಇಂಗ್ಲಿಷ್ ಸಾಹಿತ್ಯ ಎಂದು ಮಗಳು ಹೆದರುವ ಈ ಪುಸ್ತಕದಲ್ಲಿ ಎಷ್ಟೋ ಪಾಠಗಳು ಇಂಗ್ಲಿಷಿನಲ್ಲಿ ಹುಟ್ಟಿದವೇ ಅಲ್ಲ. ಟಾಲ್‌ಸ್ಟಾಯ್ ಬರೆದದ್ದು ರಷ್ಯನ್ನಿನಲ್ಲಿ, ನೆರೂಡ ಸ್ಪ್ಯಾನಿಷಿನಲ್ಲಿ, ನೀರಿನ ಬಗ್ಗೆ ಬರೆದ ಚಲ್ಲಪಲ್ಲಿ ಸ್ವರೂಪರಾಣಿ ತೆಲುಗಿನಲ್ಲಿ. ಕುವೆಂಪು, ಲಂಕೇಶ್ ಇಬ್ಬರೂ ಕನ್ನಡದಲ್ಲಿ. ಲಂಕೇಶ್ ಅಂತೂ ಕೆಲಸದಲ್ಲಿ ಇಂಗ್ಲಿಷ್ ಮೇಷ್ಟ್ರು; ಬಿಎಂಶ್ರೀ, ಅಡಿಗ, ಅನಂತಮೂರ್ತಿ ಕೂಡ ಇಂಗ್ಲಿಷ್ ಪಾಠ ಮಾಡಿಕೊಂಡೇ ಕನ್ನಡ ಬರೆದವರು. ಸ್ವರ್ಗ ಈ ನೆಲದಲ್ಲೇ ಇಲ್ಲದಿದ್ದರೆ ಬೇರೆಲ್ಲೂ ಇಲ್ಲ ಎನ್ನುವ ಕುವೆಂಪು ಪದ್ಯದ ಕನ್ನಡ ಮೂಲವನ್ನು ಲೈಬ್ರರಿಯಲ್ಲಿ ಹುಡುಕಿ ತನ್ನಿ. ಮೊದಲು ಅದನ್ನು ಮಗಳು ಗಟ್ಟಿಯಾಗಿ ಓದಲಿ, ಆಮೇಲೆ ಪಠ್ಯದಲ್ಲಿರುವ ಇಂಗ್ಲಿಷನ್ನು ಓದಲಿ. ಅನುವಾದದಲ್ಲಿ ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂದು ಅವಳು ನಿಮಗೆ ವಿವರಿಸಲಿ. ಆ ಪಾಠದ ಮಟ್ಟಿಗೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗಿಂತ ಅವಳೇ ಒಂದು ಹೆಜ್ಜೆ ಮುಂದಿರುತ್ತಾಳೆ.