ಸರ್ವರ್ ನಿಲ್ಲಿಸದೆ ಸೆಟ್ಟಿಂಗ್ ಬದಲಿಸುವುದು: ಜಾವಾ ಸವೆಸಿದ ದಾರಿ

ಡೇಟಾಬೇಸ್ ಟೈಮ್‌ಔಟ್ 5 ಸೆಕೆಂಡ್ ಇದೆ, 8 ಮಾಡಬೇಕು. ಬದಲಾಗುವುದು ಒಂದೇ ಅಂಕಿ. ಅದಕ್ಕೋಸ್ಕರ ಇಡೀ ಸರ್ವರ್ ನಿಲ್ಲಿಸಿ ಮತ್ತೆ ಎಬ್ಬಿಸುವುದು ಯಾರಿಗೂ ಬೇಡ. ಲಾಗಿನ್ ಆಗಿದ್ದವರು ಹೊರಗೆ ಬೀಳಬಹುದು, ಕ್ಯಾಶ್ ಖಾಲಿಯಾಗುತ್ತದೆ, ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಜೆವಿಎಂ ಮತ್ತೆ ಪೂರ್ತಿ ವೇಗಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಜಾವಾ ಬಳಸುವವರು ಮೊದಲಿನಿಂದಲೂ ಇದರ ಜೊತೆ ಗುದ್ದಾಡುತ್ತಲೇ ಇದ್ದಾರೆ. ಬಹಳ ಕಾಲ ಎಲ್ಲರೂ ತಲೆಕೆಡಿಸಿಕೊಂಡಿದ್ದು ಸೆಟ್ಟಿಂಗ್ ಇರುವ ಫೈಲ್ ಬದಲಾಗಿದ್ದು ಪ್ರೋಗ್ರಾಂಗೆ ಹೇಗೆ ಗೊತ್ತಾಗಬೇಕು ಅನ್ನುವುದಕ್ಕೆ. ನನ್ನ ಮಟ್ಟಿಗೆ ಅದು ಸುಲಭದ ಭಾಗ. ಹಳೇ ವ್ಯಾಲ್ಯೂವನ್ನು ಯಾರ್ಯಾರು ಹಿಡಿದುಕೊಂಡು ಕೂತಿದ್ದಾರೆ ಅನ್ನುವುದೇ ನಿಜವಾದ ತೊಡಕು.

1996ರಲ್ಲಿ ಬಂದ ಮೊದಲ ಜೆಡಿಕೆಯಲ್ಲೇ (ಜಾವಾ ಪ್ರೋಗ್ರಾಂ ಬರೆಯುವ ಸಲಕರಣೆಗಳ ಕಟ್ಟು) ಪ್ರಾಪರ್ಟೀಸ್ ಕ್ಲಾಸ್ ಇತ್ತು. ಅದು ಫೈಲನ್ನು ಒಂದು ಸಲ ಓದಿ, ಹೆಸರು ಮತ್ತು ವ್ಯಾಲ್ಯೂಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಫೈಲಿಗೂ ಅದಕ್ಕೂ ಸಂಬಂಧ ಇಲ್ಲ. ಬಹಳಷ್ಟು ಜನ ಈ ಓದುವ ಕೆಲಸವನ್ನು ಸ್ಟಾಟಿಕ್ ಬ್ಲಾಕ್‌ನಲ್ಲಿ ಬರೆದರು. ಕ್ಲಾಸ್ ಲೋಡ್ ಆದಾಗ ಓದಿದ್ದೇ ಕೊನೆ, ಜೆವಿಎಂ ಮುಚ್ಚುವ ತನಕ ಅದೇ ವ್ಯಾಲ್ಯೂ. ಯುನಿಕ್ಸ್‌ನಲ್ಲಿ ಎಷ್ಟೋ ಹಳೆಯ ಸರ್ವರ್‌ಗಳಿಗೆ ಹ್ಯಾಂಗಪ್ ಸಿಗ್ನಲ್ ಕಳಿಸಿದರೆ ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳನ್ನು, ಮತ್ತೆ ಓದಿಕೊಳ್ಳುತ್ತಿದ್ದವು. ಜೆವಿಎಂಗೆ ಅದೇ ಸಿಗ್ನಲ್ ಕಳಿಸಿ ನೋಡಿ, ಸಾಮಾನ್ಯವಾಗಿ ಅದು ಮುಚ್ಚಿಯೇ ಹೋಗುತ್ತದೆ.

ಕನ್ನಡದವರಿಗೆ ಈ ಫೈಲುಗಳು ಇನ್ನೊಂದು ತಲೆನೋವು ಕೊಟ್ಟಿವೆ. ಅವು ಕನ್ನಡ ಅಕ್ಷರಗಳೇ ಇಲ್ಲದ ಲ್ಯಾಟಿನ್-1 ಎನ್‌ಕೋಡಿಂಗ್‌ನಲ್ಲೇ ಇರಬೇಕಿತ್ತು. ಹಾಗಾಗಿ ಕನ್ನಡದ ಒಂದೊಂದು ಅಕ್ಷರವನ್ನೂ ಯೂನಿಕೋಡ್ ಸಂಖ್ಯೆಯಾಗಿ ಬರೆಯಬೇಕಾಗುತ್ತಿತ್ತು. ಸಂದೇಶಗಳನ್ನು ಇಡುವ ರಿಸೋರ್ಸ್ ಬಂಡಲ್‌ಗಳಿಗೆ ಕನ್ನಡವನ್ನು ನೇರವಾಗಿ ಬರೆಯಬಲ್ಲ ಯುಟಿಎಫ್-8 ಸಿಕ್ಕಿದ್ದು 2017ರ ಜಾವಾ 9ರಲ್ಲಿ. ಒಂದು ಸಂದೇಶದ ಕಾಗುಣಿತ ತಿದ್ದಲು ಸಂಖ್ಯೆಗಳ ಸಾಲಿನಲ್ಲಿ ಹುಡುಕಾಡುವ ಕಷ್ಟ ಪಟ್ಟವರಿಗೇ ಗೊತ್ತು.

ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್‌ನಂಥ ಸರ್ವರ್‌ಗಳು ಇಡೀ ಅಪ್ಲಿಕೇಶನ್ನನ್ನೇ ರೀಲೋಡ್ ಮಾಡುವ ಸೌಲಭ್ಯ ಕೊಟ್ಟವು. ಕೋಡನ್ನು ಮೆಮೊರಿಗೆ ತರುವ ಹಳೇ ಕ್ಲಾಸ್‌ಲೋಡರ್ ಬಿಟ್ಟು ಹೊಸದರಲ್ಲಿ ಎಲ್ಲವನ್ನೂ ಲೋಡ್ ಮಾಡುವುದು. ಆದರೆ ಎಲ್ಲೋ ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ಹಳೇ ಆಬ್ಜೆಕ್ಟನ್ನು ಹಿಡಿದುಕೊಂಡಿದ್ದರೂ ಸಾಕು, ಹಳೇ ಕ್ಲಾಸ್‌ಲೋಡರ್ ಮೆಮೊರಿಯಿಂದ ಹೋಗುವುದಿಲ್ಲ. ನಾಲ್ಕಾರು ರೀಲೋಡ್ ಆದಮೇಲೆ ಕ್ಲಾಸ್‌ಗಳ ಮಾಹಿತಿ ಇಡುವ ಮೆಮೊರಿ ಜಾಗವಾದ ಪರ್ಮ್‌ಜೆನ್ ತುಂಬಿತು ಅಂತ ಎರರ್ ಬರುತ್ತಿತ್ತು. 2014ರ ಜಾವಾ 8ರಲ್ಲಿ ಪರ್ಮ್‌ಜೆನ್ ಹೋಗಿ ಮೆಟಾಸ್ಪೇಸ್ ಬಂತು. ಸೋರಿಕೆ ಮಾತ್ರ ಹಾಗೇ ಉಳಿಯಿತು.

ಫೈಲನ್ನಷ್ಟೇ ಗಮನಿಸುವ ಉಪಾಯವನ್ನು ಬಹಳ ಜನ ಮೊದಲು ಕಂಡಿದ್ದು ಲಾಗ್ (ಪ್ರೋಗ್ರಾಂನ ದಿನಚರಿ) ಬರೆಯುವ ಲೈಬ್ರರಿ ಲಾಗ್‌ಫೋರ್‌ಜೆಯಲ್ಲಿ. ಅದರ ಕಾನ್ಫಿಗರ್ ಆ್ಯಂಡ್ ವಾಚ್ ಮೆಥಡ್ ಒಂದು ಥ್ರೆಡ್ ಶುರು ಮಾಡುತ್ತದೆ. ನೀವು ಬೇರೆ ಹೇಳದಿದ್ದರೆ ಆ ಥ್ರೆಡ್ 60 ಸೆಕೆಂಡಿಗೊಮ್ಮೆ ಫೈಲ್ ತಿದ್ದಿದ ಸಮಯ ನೋಡುತ್ತದೆ. ಅಷ್ಟಕ್ಕೇ ಎಷ್ಟು ಅನುಕೂಲವಾಯಿತು ಅಂತೀರಿ! ಆದರೆ 1.2 ಆವೃತ್ತಿಯಲ್ಲಿ ಆ ಥ್ರೆಡ್ ನಿಲ್ಲಿಸುವ ದಾರಿಯೇ ಇರಲಿಲ್ಲ. ಅಪ್ಲಿಕೇಶನ್‌ಗಳನ್ನು ತೆಗೆದು ಹಾಕಿ ಮಾಡುವ ಸರ್ವರ್‌ಗಳಲ್ಲಿ ಇದನ್ನು ಬಳಸುವುದು ಅಪಾಯ ಅಂತ ಅದರ ಕೈಪಿಡಿಯಲ್ಲೇ ಬರೆದಿತ್ತು. ಸೆಟ್ಟಿಂಗ್ ಓದುವ ಲೈಬ್ರರಿ ಅಪಾಚೆ ಕಾಮನ್ಸ್ ಕಾನ್ಫಿಗರೇಶನ್ ಇದಕ್ಕಿಂತ ಜಾಣತನ ತೋರಿಸಿತು. ಅದರ 1.x ಆವೃತ್ತಿಯಲ್ಲಿ ಬೇರೆ ಥ್ರೆಡ್ ಇಲ್ಲ. ಯಾರಾದರೂ ವ್ಯಾಲ್ಯೂ ಕೇಳಿದಾಗಲೇ ಫೈಲ್ ನೋಡುವುದು, ಅದೂ 5 ಸೆಕೆಂಡಿಗೊಮ್ಮೆ ಮಾತ್ರ.

2011ರ ಜಾವಾ 7ರಲ್ಲಿ ವಾಚ್‌ಸರ್ವೀಸ್ ಬಂತು. ಇನ್ನು ಪದೇಪದೇ ಇಣುಕಬೇಕಿಲ್ಲ, ಆಪರೇಟಿಂಗ್ ಸಿಸ್ಟಮ್ಮೇ ಹೇಳುತ್ತದೆ ಅಂತ ಎಲ್ಲರಿಗೂ ಖುಷಿ. ಲಿನಕ್ಸ್‌ನಲ್ಲಿ ಅದು ಫೈಲ್ ಬದಲಾದರೆ ತಿಳಿಸುವ ಐನೋಟಿಫೈ ಮೇಲೆ ಕೆಲಸ ಮಾಡುತ್ತದೆ. ಬಳಸತೊಡಗಿದ ಮೇಲೆ ಒಂದೊಂದೇ ಕೊಕ್ಕೆ ಕಾಣಿಸಿತು. ಅದಕ್ಕೆ ಕೊಡಬೇಕಾದ್ದು ಡೈರೆಕ್ಟರಿ, ಒಂದು ಫೈಲನ್ನಷ್ಟೇ ನೋಡು ಅನ್ನುವಂತಿಲ್ಲ. ಮ್ಯಾಕ್‌ನಲ್ಲಿ ಒಳಗೊಳಗೇ ಇಣುಕುವ ಕೆಲಸವೇ ನಡೆಯುತ್ತದೆ. ನೆಟ್‌ವರ್ಕ್ ಮೂಲಕ ಹಂಚಿಕೊಂಡ ಎನ್‌ಎಫ್‌ಎಸ್ ಡಿಸ್ಕ್‌ನಲ್ಲಿರುವ ಫೈಲನ್ನು ಬೇರೆ ಮಷಿನ್‌ನಿಂದ ತಿದ್ದಿದರೆ ಸುದ್ದಿಯೇ ಬಾರದಿರಬಹುದು. ಇನ್ನು ಒಂದು ಪ್ರೋಗ್ರಾಂ ಫೈಲನ್ನು ಖಾಲಿ ಮಾಡಿ ಮತ್ತೆ ಬರೆಯುತ್ತಿದ್ದರೆ, ಖಾಲಿಯಾದ ಗಳಿಗೆಯಲ್ಲೇ ಸುದ್ದಿ ಬರಬಹುದು. ಆಗ ನೀವು ಓದುವುದು ಸೊನ್ನೆ ಬೈಟು! ಹೊಸ ಫೈಲನ್ನು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಕೊನೆಗೆ ಹೆಸರು ಬದಲಿಸುವುದೇ ಇದಕ್ಕೆ ಸರಿಯಾದ ದಾರಿ. ಓದುವವರಿಗೆ ಹಳೆಯದು ಪೂರ್ತಿ ಸಿಗುತ್ತದೆ, ಇಲ್ಲವೇ ಹೊಸದು ಪೂರ್ತಿ.

ಸರಿ, ಫೈಲ್ ಓದಿಯಾಯಿತು. ಮುಂದೆ? ಥ್ರೆಡ್ ಪೂಲ್, ಅಂದರೆ ಕೆಲಸಕ್ಕೆ ಸಿದ್ಧವಿರುವ ಥ್ರೆಡ್‌ಗಳ ಗುಂಪು, ತೆಗೆದುಕೊಳ್ಳಿ. ಕನಿಷ್ಠ 10, ಗರಿಷ್ಠ 20 ಥ್ರೆಡ್ ಇದೆ. ಅದನ್ನು 30 ಮತ್ತು 60 ಮಾಡಬೇಕು. ಜಾವಾದ ಥ್ರೆಡ್‌ಪೂಲ್ ಎಕ್ಸಿಕ್ಯೂಟರ್‌ನಲ್ಲಿ ಎರಡನ್ನೂ ಓಡುತ್ತಿರುವಾಗಲೇ ಬದಲಿಸಬಹುದು, ಆದರೆ ಒಂದಾದ ಮೇಲೊಂದು. ಮೊದಲು ಕನಿಷ್ಠವನ್ನು 30 ಮಾಡಲು ಹೋದರೆ ಅದು ಇನ್ನೂ 20ರಲ್ಲೇ ಇರುವ ಗರಿಷ್ಠವನ್ನು ದಾಟುತ್ತದೆ, ಇವತ್ತಿನ ಜಾವಾ ಎಕ್ಸೆಪ್ಶನ್ ಎಸೆಯುತ್ತದೆ. ಏರಿಸುವಾಗ ಗರಿಷ್ಠ ಮೊದಲು, ಇಳಿಸುವಾಗ ಕನಿಷ್ಠ ಮೊದಲು. ಈ ಕ್ರಮ ಫೈಲಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದೇ ಪೂಲ್‌ನಲ್ಲಿ ಕೆಲಸಗಳು ಕಾಯುವ ಕ್ಯೂ ಲಿಂಕ್ಡ್ ಬ್ಲಾಕಿಂಗ್ ಕ್ಯೂ ಆಗಿದ್ದರೆ, ಅದರ ಅಳತೆ ಹುಟ್ಟಿದಾಗ ಎಷ್ಟೋ ಅಷ್ಟೇ. ಡೇಟಾಬೇಸ್ ಕನೆಕ್ಷನ್‌ಗಳನ್ನು ಸಿದ್ಧವಾಗಿಡುವ ಹಿಕಾರಿ ಕನೆಕ್ಷನ್ ಪೂಲ್‌ನಲ್ಲೂ ಗರಿಷ್ಠ ಕನೆಕ್ಷನ್‌ಗಳ ಲೆಕ್ಕವನ್ನು ಓಡುತ್ತಿರುವ ಜಾವಾ ಪ್ರೋಗ್ರಾಂ ನಿರ್ವಹಿಸುವ ಜೆಎಂಎಕ್ಸ್ ಮೂಲಕ ಬದಲಿಸಬಹುದು, ಡೇಟಾಬೇಸಿನ ವಿಳಾಸ ಆಗುವುದಿಲ್ಲ. ಪೂಲ್ ಶುರುವಾದ ಮೇಲೆ ಅದಕ್ಕೆ ಬೀಗ.

ಓದುವ ಕಡೆಯೂ ಎಚ್ಚರ ಬೇಕು. ಒಂದು ರಿಕ್ವೆಸ್ಟ್ ಹಳೇ ಕನಿಷ್ಠವನ್ನೂ ಹೊಸ ಗರಿಷ್ಠವನ್ನೂ ಓದಿಬಿಟ್ಟರೆ, ಯಾರೂ ಬರೆಯದ ಒಂದು ಕಾನ್ಫಿಗ್ ಹುಟ್ಟಿಕೊಂಡ ಹಾಗೆ. ಅದಕ್ಕೇ ಎಲ್ಲ ವ್ಯಾಲ್ಯೂಗಳನ್ನೂ ಬದಲಾಗದ ಒಂದೇ ಆಬ್ಜೆಕ್ಟಿನಲ್ಲಿ ಕಟ್ಟಬೇಕು, ಒಂದು ವೊಲಟೈಲ್ ರೆಫರೆನ್ಸನ್ನು (ಬದಲಾದದ್ದು ಎಲ್ಲ ಥ್ರೆಡ್‌ಗಳಿಗೂ ಕಾಣುವ ಕೊಂಡಿಯನ್ನು) ಹಳೆಯದರಿಂದ ಹೊಸದಕ್ಕೆ ತಿರುಗಿಸಬೇಕು. ರಿಕ್ವೆಸ್ಟ್ ಶುರುವಾದಾಗ ಅದನ್ನು ಒಮ್ಮೆ ಹಿಡಿದುಕೊಂಡರೆ ಮುಗಿಯುವವರೆಗೂ ಅದೇ. ತಿರುಗಿಸುವ ಮೊದಲು ಹೊಸದನ್ನು ಪರೀಕ್ಷಿಸಿ, ತಪ್ಪಿದ್ದರೆ ಹಳೆಯದನ್ನೇ ಉಳಿಸಿಕೊಂಡು ಲಾಗ್‌ನಲ್ಲಿ ಜೋರಾಗಿ ಹೇಳಬೇಕು. ಇಷ್ಟು ಮಾಡದೆ ಸುಮ್ನೆ ರೀಲೋಡ್ ಹಾಕಿಕೊಳ್ಳುವುದಕ್ಕಿಂತ ರೀಸ್ಟಾರ್ಟ್ ಮಾಡುವುದೇ ವಾಸಿ.

2012ರಲ್ಲಿ ನೆಟ್‌ಫ್ಲಿಕ್ಸ್ ಬಿಡುಗಡೆ ಮಾಡಿದ ಆರ್ಕೇಯಸ್ ಲೈಬ್ರರಿ ಹಳೇ ವ್ಯಾಲ್ಯೂ ಹಿಡಿದುಕೊಳ್ಳುವ ಈ ತೊಡಕನ್ನೇ ನೇರವಾಗಿ ಹಿಡಿಯಿತು. ಕೋಡ್ ಕೈಗೆ ಅಂಕಿ ಕೊಡುವ ಬದಲು ಅಂಕಿ ಕೇಳಬಹುದಾದ ಆಬ್ಜೆಕ್ಟ್ ಕೊಟ್ಟಿತು. ಬೇಕಾದಾಗಲೆಲ್ಲ ಕೇಳಿ, ಆ ಹೊತ್ತಿನದ್ದು ಸಿಗುತ್ತದೆ. ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್‌ನಲ್ಲಿ ವ್ಯಾಲ್ಯೂ ಅನೊಟೇಶನ್ (ಕೋಡಿನ ಮೇಲೆ ಹಾಕುವ ಗುರುತು) ಬೀನ್, ಅಂದರೆ ಸ್ಪ್ರಿಂಗ್ ಕಟ್ಟುವ ಆಬ್ಜೆಕ್ಟ್, ಹುಟ್ಟುವಾಗ ಒಮ್ಮೆ ತುಂಬಿದರೆ ಮುಗಿಯಿತು. ಹಾಗಾಗಿ ಸ್ಪ್ರಿಂಗ್ ಕ್ಲೌಡ್ ರಿಫ್ರೆಶ್ ಸ್ಕೋಪ್ ತಂದಿತು. ರಿಫ್ರೆಶ್ ಅಂದಾಗ ಹಳೇ ಬೀನ್ ಎಸೆದು, ಮುಂದಿನ ಸಲ ಕರೆದಾಗ ಹೊಸದನ್ನು ಕಟ್ಟುತ್ತದೆ.

ಅಪ್ಲಿಕೇಶನ್‌ಗಳನ್ನು ಹಲವು ಮಷಿನ್‌ಗಳಲ್ಲಿ ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ಬಂದಮೇಲೆ ಲೆಕ್ಕವೇ ಬದಲಾಯಿತು. ಅದರಲ್ಲಿ ಸೆಟ್ಟಿಂಗ್‌ಗಳನ್ನು ಇಡುವ ಕಾನ್ಫಿಗ್‌ಮ್ಯಾಪನ್ನು ವಾಲ್ಯೂಮ್ (ಫೈಲುಗಳ ಡೈರೆಕ್ಟರಿ) ಆಗಿ ಹಾಕಿದರೆ, ನಿಮ್ಮ ಫೈಲ್ ನಿಜವಾಗಿ ಒಂದು ಸಿಮ್‌ಲಿಂಕ್, ಅಂದರೆ ಬೇರೆ ಕಡೆಗೆ ಬೆರಳು ತೋರಿಸುವ ಹೆಸರು ಅಷ್ಟೇ. ಅಪ್‌ಡೇಟ್ ಆದಾಗ ಬದಲಾಗುವುದು ಎರಡು ಚುಕ್ಕೆಯಿಂದ ಶುರುವಾಗುವ 'ಡೇಟಾ' ಹೆಸರಿನ ಇನ್ನೊಂದು ಸಿಮ್‌ಲಿಂಕ್. ನಿಮ್ಮ ಫೈಲಿನ ಹೆಸರಿಗಾಗಿ ಕಾಯುತ್ತಿರುವ ವಾಚ್‌ಸರ್ವೀಸ್ ಕೋಡ್ ಕಾಯುತ್ತಲೇ ಇರುತ್ತದೆ. ವಾಲ್ಯೂಮ್‌ನ ಒಂದು ಭಾಗವನ್ನಷ್ಟೇ ಹಾಕುವ ಸಬ್‌ಪಾಥ್ ಮೌಂಟ್‌ಗೂ ಎನ್ವಿರಾನ್ಮೆಂಟ್ ವೇರಿಯಬಲ್‌ಗೂ ಅಪ್‌ಡೇಟ್ ತಲುಪುವುದೇ ಇಲ್ಲ. ಇನ್ನೊಂದು ಕಡೆ, ಪಾಡ್‌ಗಳನ್ನು (ಅಪ್ಲಿಕೇಶನ್ ಓಡುವ ಘಟಕಗಳನ್ನು) ಸರದಿಯಲ್ಲಿ ರೀಸ್ಟಾರ್ಟ್ ಮಾಡುವುದು ಒಂದು ಕಮಾಂಡಿನ ಕೆಲಸವಾಯಿತು. ಬದಲಿಸಲಾಗದ ಕಾನ್ಫಿಗ್‌ಮ್ಯಾಪ್ ಕೂಡ 2021ರಲ್ಲಿ ಸ್ಥಿರ ಸೌಲಭ್ಯವಾಯಿತು. ಡೇಟಾಬೇಸ್ ವಿಳಾಸ, ಪೋರ್ಟ್, ಕ್ಯೂ ಅಳತೆ ಇಂಥವಕ್ಕೆಲ್ಲ ಈಗ ಸರದಿ ರೀಸ್ಟಾರ್ಟೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಲಾಗ್‌ನಲ್ಲಿ ಎಷ್ಟು ವಿವರ ಬರೆಯಬೇಕು ಅನ್ನುವ ಲಾಗ್ ಲೆವೆಲ್ ಮಾತ್ರ ಆ ಸಾಲಿಗೆ ಸೇರುವುದಿಲ್ಲ. ಮೂರು ದಿನದಿಂದ ಓಡುತ್ತಿರುವ ಪ್ರೋಸೆಸ್ ಒಂದರಲ್ಲಿ ಏನೋ ಎಡವಟ್ಟಾಗಿದೆ ಅಂದುಕೊಳ್ಳಿ. ರೀಸ್ಟಾರ್ಟ್ ಮಾಡಿದರೆ ತೊಂದರೆಯ ಜೊತೆಗೆ ಅದರ ಸುಳಿವೂ ಅಳಿಸಿಹೋಗುತ್ತದೆ, ಅಲ್ವಾ? ಫೈಲ್ ಬದಲಾದರೆ ಮತ್ತೆ ಓದಿಕೊಳ್ಳುವ ಸೌಲಭ್ಯಗಳಾದ ಲಾಗ್‌ಬ್ಯಾಕ್‌ನ ಸ್ಕ್ಯಾನ್ ಆಗಲಿ, ಲಾಗ್‌ಫೋರ್‌ಜೆ 2ರ ಮಾನಿಟರ್ ಇಂಟರ್ವಲ್ ಆಗಲಿ, ಸಾಮಾನ್ಯವಾಗಿ ತಾವಾಗಿ ಚಾಲೂ ಇರುವುದಿಲ್ಲ. ಸರ್ವರ್ ಶುರು ಮಾಡುವ ಮೊದಲೇ ಅವುಗಳನ್ನು ಕಾನ್ಫಿಗ್‌ನಲ್ಲಿ ಹಾಕಿಟ್ಟಿರಬೇಕು.